ಕೈಫೋನಿನ ಇಬ್ಬರು ಪಾರುಪತ್ಯಗಾರರು

ಹೊಸ ಫೋನನ್ನು ಕೊಳ್ಳಲು ಹೊರಟವರು ಭೌತಶಾಸ್ತ್ರದ ಉಪಾಧ್ಯಾಯರನ್ನು ಕಂಡರೆ ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ: "ಆಂಡ್ರಾಯ್ಡ್ ಒಳ್ಳೆಯದೋ, ಐಫೋನ್ ಒಳ್ಳೆಯದೋ?" ಯಂತ್ರವೆಂಬುದೆಲ್ಲವೂ ನಮಗೆ ಗೊತ್ತಿರಬೇಕೆಂದು ಜನ ನಂಬಿರುವುದು ಸಂತೋಷದ ಸಂಗತಿಯೇ ಸರಿ. ಈ ಪ್ರಶ್ನೆಗೆ ಅಂಗಡಿಯಲ್ಲಿ ದೊರೆಯುವ ಉತ್ತರಗಳನ್ನು ವಾಚಕರೆಲ್ಲರೂ ಕೇಳಿರುತ್ತಾರೆ. ಕ್ಯಾಮರಾ ಇಷ್ಟು ಮೆಗಾಪಿಕ್ಸೆಲ್, ತೆರೆ ಇಷ್ಟು ಅಂಗುಲ, ಬಣ್ಣ ಇಂಥದು ಎಂದು ಅಂಗಡಿಯವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಆದರೆ ತೆರೆಯೂ ಕ್ಯಾಮರಾವೂ ಫೋನಿನ ಅಂಗಗಳು. ಆಂಡ್ರಾಯ್ಡ್ ಮತ್ತು ಐಓಎಸ್ ಎಂಬುವು ಅಂಗಗಳಲ್ಲ, ಆ ಅಂಗಗಳನ್ನೆಲ್ಲ ಆಳತಕ್ಕ ಕಾರ್ಯಾಚರಣ ವ್ಯವಸ್ಥೆಗಳು. ಅಂಗಗಳ ಗುಣವನ್ನು ಕೊಂಡ ದಿನವೇ ನೋಡಬಹುದು. ಆಳುವವನ ಗುಣ ತಿಳಿಯುವುದು ನಾಲ್ಕಾರು ವರ್ಷಗಳ ಮೇಲೆ.

ಕಾರ್ಯಾಚರಣ ವ್ಯವಸ್ಥೆಯೆಂದರೇನು? ದೊಡ್ಡದೊಂದು ಮದುವೆಯ ಮನೆಯ ಅಡಿಗೆಯ ಚಪ್ಪರವನ್ನು ನೆನೆದುಕೊಳ್ಳೋಣ. ಅಡಿಗೆಯವರು ಇಪ್ಪತ್ತು ಮಂದಿ, ಒಲೆಗಳು ನಾಲ್ಕೋ ಎಂಟೋ, ಪಾತ್ರೆಗಳಿಗೆ ಒಂದು ಮಿತಿಯುಂಟು, ಉಗ್ರಾಣವೋ ಒಂದೇ. ಸಾರಿನವನು ಒಲೆಯನ್ನು ಬಿಡಲೊಲ್ಲನು, ಪಾಯಸದವನು ಇದ್ದ ಪಾತ್ರೆಗಳನ್ನೆಲ್ಲ ತನಗೇ ಬೇಕೆನ್ನುವನು. ಇವರ ನಡುವೆ ಒಬ್ಬ ಪಾರುಪತ್ಯಗಾರ ನಿಂತು, ಯಾರಿಗೆ ಯಾವ ಒಲೆ, ಎಷ್ಟು ಹೊತ್ತು, ಉಗ್ರಾಣದಿಂದ ಯಾರಿಗೆ ಏನು ಎಂದು ನಿರ್ಣಯಿಸದಿದ್ದರೆ ಮುಹೂರ್ತ ಕಳೆದರೂ ಎಲೆ ಬೀಳುವುದಿಲ್ಲ. ಫೋನಿನಲ್ಲಿ ಪ್ರೊಸೆಸರೇ ಒಲೆ, ಸ್ಮೃತಿಯೇ ಪಾತ್ರೆ, ನಮ್ಮ ಚಿತ್ರಗಳು, ಕಾಗದಪತ್ರಗಳು, ಸಂದೇಶಗಳು ಉಗ್ರಾಣದ ಸಾಮಾನು. ಆ್ಯಪ್‌ಗಳೆಂದು ನಾವು ಕರೆಯುವ ಕಾರ್ಯಕ್ರಮಗಳೆಲ್ಲ ಅಡಿಗೆಯವರು. ಒಂದು ಸೆಕೆಂಡಿನಲ್ಲಿ ನೂರಾರು ಸಲ ಪ್ರೊಸೆಸರಿನ ಸರದಿಯನ್ನು ಒಬ್ಬರಿಂದೊಬ್ಬರಿಗೆ ಬದಲಿಸುತ್ತ, ಎಲ್ಲ ಕೆಲಸಗಳೂ ಏಕಕಾಲದಲ್ಲಿ ನಡೆಯುತ್ತಿರುವಂತೆ ನಮಗೆ ಭ್ರಮೆ ಹುಟ್ಟಿಸುವುದು ಈ ಪಾರುಪತ್ಯಗಾರನ ಕೈಚಳಕ.

ಅವನಿಗೆ ಇನ್ನೂ ಒಂದು ಕೆಲಸವುಂಟು. ನಮ್ಮ ಈ ಲೇಖನಕ್ಕೆ ಮುಖ್ಯವಾದುದು ಅದೇ. ಒಬ್ಬ ಅಡಿಗೆಯವನು ಇನ್ನೊಬ್ಬನ ಗಂಟಿಗೆ ಕೈಹಾಕದಂತೆ ನೋಡಿಕೊಳ್ಳಬೇಕು. ಇಂದಿನ ಎರಡು ವ್ಯವಸ್ಥೆಗಳಲ್ಲಿಯೂ ಪ್ರತಿಯೊಂದು ಆ್ಯಪೂ ತನ್ನದೇ ಆದ ಮುಚ್ಚಿದ ಕೋಣೆಯೊಂದರಲ್ಲಿ ಕೆಲಸಮಾಡುತ್ತದೆ. ಪಕ್ಕದ ಕೋಣೆಯಲ್ಲಿರುವ ಬ್ಯಾಂಕಿನ ಆ್ಯಪಿನ ಗುಟ್ಟು ಆಟದ ಆ್ಯಪಿಗೆ ಕಾಣದು. ಮೈಕು, ಕ್ಯಾಮರಾ, ನಾವಿರುವ ಸ್ಥಳ, ಸಂದೇಶಗಳು—ಇವು ಬೇಕಾದರೆ ಅದು ಪಾರುಪತ್ಯಗಾರನನ್ನು ಕೇಳಬೇಕು. ಅವನು ನಮ್ಮನ್ನು ಕೇಳುತ್ತಾನೆ. "ಅನುಮತಿ ನೀಡುವಿರಾ?" ಎಂದು ತೆರೆಯ ಮೇಲೆ ಮೂಡುವ ಪ್ರಶ್ನೆ ಇದೇ. ಓದದೆಯೇ ಒಪ್ಪಿಗೆಯ ಗುಂಡಿಯನ್ನು ಒತ್ತುವ ಅಭ್ಯಾಸವನ್ನು ನಮ್ಮ ಜನ ಎಲ್ಲಿಂದ ಕಲಿತರೋ ತಿಳಿಯದು.

ಈ ಇಬ್ಬರು ಪಾರುಪತ್ಯಗಾರರೂ ಬೇರೆ ಬೇರೆ ಜಾಯಮಾನದವರೆಂದು ಜಾಹೀರಾತುಗಳನ್ನು ನೋಡಿದವರು ಭಾವಿಸಿಯಾರು. ವಂಶಾವಳಿಯನ್ನು ಕೆದಕಿದರೆ ಅವರು ದಾಯಾದಿಗಳೆಂಬುದು ಗೊತ್ತಾಗುತ್ತದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಟಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ರಚಿಸತೊಡಗಿದರು. ಅದರ ಒಂದು ಕವಲು ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಬೆಳೆದು, ಸ್ಟೀವ್ ಜಾಬ್ಸ್ ಸ್ಥಾಪಿಸಿದ್ದ ನೆಕ್ಸ್ಟ್ ಎಂಬ ಸಂಸ್ಥೆಗೆ ಬಂದು, ಆ ಸಂಸ್ಥೆಯನ್ನು ಆ್ಯಪಲ್ ಕೊಂಡುಕೊಂಡಾಗ ಆ್ಯಪಲಿನ ಮನೆ ಸೇರಿತು. 2007ರ ಜೂನ್‌ನಲ್ಲಿ ಮಾರಾಟಕ್ಕೆ ಬಂದ ಐಫೋನಿನ ಅಂತರಂಗದಲ್ಲಿದ್ದುದು ಅದರ ಸಂತತಿಯೇ. ಇತ್ತ 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಯೂನಿಕ್ಸಿನ ಮಾದರಿಯನ್ನೇ ಅನುಸರಿಸಿ, ಹೊಸದಾಗಿ ಲಿನಕ್ಸ್ ಎಂಬ ತಿರುಳನ್ನು ಬರೆದು ಲೋಕಕ್ಕೆ ಉಚಿತವಾಗಿ ಬಿಟ್ಟನು. ಗೂಗಲ್ ಸಂಸ್ಥೆ 2005ರಲ್ಲಿ ಆಂಡ್ರಾಯ್ಡ್ ಎಂಬ ಸಣ್ಣ ಕಂಪನಿಯನ್ನು ಕೊಂಡು, ಆ ತಿರುಳಿನ ಮೇಲೆ ಫೋನಿನ ವ್ಯವಸ್ಥೆಯನ್ನು ಕಟ್ಟಿತು. ಅದನ್ನು ಹೊತ್ತ ಮೊದಲನೆಯ ಫೋನು 2008ರಲ್ಲಿ ಬಂತು.

ಆದುದರಿಂದ ಯಂತ್ರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇವರಲ್ಲಿ ಭೇದ ಅಲ್ಪ. ಭೇದವಿರುವುದು ಒಡೆತನದಲ್ಲಿ. ಆ್ಯಪಲ್ ಸಂಸ್ಥೆ ಮನೆಯನ್ನೂ ತಾನೇ ಕಟ್ಟಿ, ಪಾರುಪತ್ಯಗಾರನನ್ನೂ ತಾನೇ ನೇಮಿಸಿ, ಬೀಗದ ಕೈಯನ್ನು ತನ್ನ ಸೊಂಟದಲ್ಲೇ ಇಟ್ಟುಕೊಂಡಿದೆ. ಗೂಗಲ್ ಸಂಸ್ಥೆ ಮನೆಯ ನಕ್ಷೆಯನ್ನು ಬೇಕೆಂದವರಿಗೆಲ್ಲ ಹಂಚಿದೆ. ಸ್ಯಾಮ್‌ಸಂಗ್, ಶಿಯೋಮಿ, ವಿವೋ ಮೊದಲಾದ ಹತ್ತಾರು ಗಾರೆಯವರು ತಮಗೆ ತೋರಿದಂತೆ ಅದನ್ನು ತಿದ್ದಿ ಮನೆಗಳನ್ನು ಕಟ್ಟಿ ಮಾರುತ್ತಿದ್ದಾರೆ. ಜಗತ್ತಿನ ಹತ್ತು ಕೈಫೋನುಗಳಲ್ಲಿ ಸುಮಾರು ಏಳು, ನಮ್ಮ ದೇಶದಲ್ಲಿಯಾದರೆ ಒಂಬತ್ತಕ್ಕೂ ಹೆಚ್ಚು, ಈ ಎರಡನೆಯ ಬಗೆಯವು.

ಇಬ್ಬರೇ ಏಕೆ, ಮೂರನೆಯವನು ಏಕಿಲ್ಲ ಎಂಬ ಸಂದೇಹ ಸಹಜ. ಇಲ್ಲದೆ ಇರಲಿಲ್ಲ. ನೋಕಿಯ ಫೋನುಗಳಲ್ಲಿ ಸಿಂಬಿಯನ್ ಎಂಬುದಿತ್ತು. ಕಚೇರಿಯ ದೊಡ್ಡವರ ಕೈಯಲ್ಲಿ ಬ್ಲ್ಯಾಕ್‌ಬೆರಿ ಇತ್ತು. ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ 2010ರಲ್ಲಿ ಬಂತು. ಅದನ್ನು ಬಳಸಿದವರಲ್ಲಿ ಅನೇಕರು ಇಂದಿಗೂ ಅದನ್ನು ಹೊಗಳುವುದುಂಟು. ಆದರೂ ಅದರ ಕೊನೆಯ ರೂಪಕ್ಕೆ 2020ರ ಜನವರಿಯಲ್ಲಿ ಮಂಗಳ ಹಾಡಲಾಯಿತು. ಬ್ಲ್ಯಾಕ್‌ಬೆರಿಯ ಹಳೆಯ ಫೋನುಗಳ ಸೇವೆ 2022ರ ಜನವರಿ 4ರಂದು ನಿಂತಿತು. ಗುಣವಿದ್ದರೂ ಅಳಿದುದೇಕೆ? ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಕೊಳವೆಯ ಎರಡು ತುದಿಗಳಲ್ಲಿ ಒಂದು ದೊಡ್ಡ, ಒಂದು ಚಿಕ್ಕ ಸಾಬೂನಿನ ಗುಳ್ಳೆಗಳನ್ನು ಊದಿ, ನಡುವಣ ತಿರುಪನ್ನು ತೆರೆದು ತೋರಿಸುವ ವಾಡಿಕೆಯುಂಟು. ಎರಡೂ ಸಮವಾಗುವುವೆಂದು ವಿದ್ಯಾರ್ಥಿಗಳು ನಿರೀಕ್ಷಿಸುತ್ತಾರೆ, ಆಗುವುದು ತದ್ವಿರುದ್ಧ. ಗುಳ್ಳೆ ಚಿಕ್ಕದಾದಷ್ಟೂ ಒಳಗಿನ ಒತ್ತಡ ಹೆಚ್ಚು. ಆದ್ದರಿಂದ ಚಿಕ್ಕದರ ಗಾಳಿ ದೊಡ್ಡದಕ್ಕೆ ಹರಿದು, ಚಿಕ್ಕದು ಇನ್ನೂ ಕುಗ್ಗಿ ಮಾಯವಾಗುತ್ತದೆ. ಆ್ಯಪ್ ಬರೆಯುವವರು ಹೆಚ್ಚು ಗಿರಾಕಿಗಳಿರುವ ವ್ಯವಸ್ಥೆಗೆ ಮೊದಲು ಬರೆಯುತ್ತಾರೆ. ಗಿರಾಕಿಗಳು ಹೆಚ್ಚು ಆ್ಯಪುಗಳಿರುವ ಕಡೆಗೆ ಹೋಗುತ್ತಾರೆ. ಇಲ್ಲಿಯೂ ನಡೆದುದು ಅದೇ. ಐಓಎಸ್ ಸಂಖ್ಯೆಯಲ್ಲಿ ಚಿಕ್ಕದಾದರೂ ಉಳಿದುಕೊಂಡಿತು. ಅದರ ಗಿರಾಕಿಗಳು ಹಣ ತೆರುವವರಾದುದರಿಂದ ಆ್ಯಪ್ ಬರೆಯುವವರಿಗೆ ಅವರನ್ನು ಬಿಡುವ ಮನಸ್ಸಾಗಲಿಲ್ಲ.

ಇನ್ನು ಒಡೆತನದ ಭೇದದಿಂದ ನಮಗಾಗುವ ಲಾಭನಷ್ಟಗಳನ್ನು ವಿಚಾರಿಸೋಣ. ಕೋಟಿಗಟ್ಟಲೆ ಸಾಲುಗಳ ಆದೇಶಗಳಿಂದಾದ ವ್ಯವಸ್ಥೆಯಲ್ಲಿ ರಂಧ್ರಗಳಿರುವುದು ಅನಿವಾರ್ಯ. ಆ ರಂಧ್ರದ ಮೂಲಕ ಕಳ್ಳನು ಒಳನುಗ್ಗಬಹುದು. ಯಾವ ಪಾರುಪತ್ಯಗಾರನ ಮನೆಯಲ್ಲಿ ರಂಧ್ರವಿಲ್ಲ ಎಂದು ಕೇಳುವುದು ವ್ಯರ್ಥ. ರಂಧ್ರ ಕಂಡ ದಿನ ಅದನ್ನು ಮುಚ್ಚುವವರು ಯಾರು, ಎಷ್ಟು ದಿನದಲ್ಲಿ ಮುಚ್ಚುತ್ತಾರೆ, ಎಷ್ಟು ವರ್ಷಗಳವರೆಗೆ ಮುಚ್ಚುತ್ತಾರೆ ಎಂಬುದೇ ಕೇಳತಕ್ಕ ಪ್ರಶ್ನೆ. ಎರಡು ಉದಾಹರಣೆಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು.

2015ರ ಜುಲೈನಲ್ಲಿ ಆಂಡ್ರಾಯ್ಡಿನ ಸ್ಟೇಜ್‌ಫ್ರೈಟ್ ಎಂಬ ಭಾಗದಲ್ಲಿದ್ದ ದೋಷಗಳು ಬೆಳಕಿಗೆ ಬಂದುವು. ಚಲಚ್ಚಿತ್ರಗಳನ್ನು ತೆರೆದು ತೋರಿಸುವ ಭಾಗವದು. ಕುತಂತ್ರದಿಂದ ರಚಿಸಿದ ಒಂದು ಚಿತ್ರಸಂದೇಶವನ್ನು ಕಳುಹಿಸಿದರೆ ಸಾಕು, ಫೋನಿನ ಯಜಮಾನನು ಅದನ್ನು ಮುಟ್ಟದಿದ್ದರೂ ಒಳಗೆ ಪ್ರವೇಶ ಸಾಧ್ಯವಾಗುತ್ತಿತ್ತು. ಸುಮಾರು 95 ಕೋಟಿ ಫೋನುಗಳು ಇದಕ್ಕೆ ಈಡಾಗಬಹುದೆಂದು ದೋಷವನ್ನು ಕಂಡುಹಿಡಿದವರು ಅಂದಾಜು ಮಾಡಿದರು. ಗೂಗಲ್ ತಿದ್ದುಪಡಿಯನ್ನು ಬೇಗನೆಯೇ ಸಿದ್ಧಪಡಿಸಿತು. ಆದರೆ ನಕ್ಷೆಯನ್ನು ತಿದ್ದಿದ ಮಾತ್ರಕ್ಕೆ ಕಟ್ಟಿದ ಮನೆಗಳ ಗೋಡೆ ಸರಿಹೋದೀತೆ? ತಿದ್ದುಪಡಿ ಮೊದಲು ಚಿಪ್ಪು ತಯಾರಿಸುವವರ ಬಳಿಗೆ, ಅಲ್ಲಿಂದ ಫೋನು ತಯಾರಿಸುವವರ ಬಳಿಗೆ, ಕೆಲವು ದೇಶಗಳಲ್ಲಿ ದೂರವಾಣಿ ಕಂಪನಿಯವರ ಬಳಿಗೂ ಹೋಗಿ, ಕೊನೆಗೆ ಗಿರಾಕಿಯನ್ನು ತಲಪಬೇಕು. ಈ ಸರಪಣಿಯ ಯಾವ ಕೊಂಡಿಗೂ ಆಗಲೇ ಮಾರಿ ಹಣ ಎಣಿಸಿಕೊಂಡ ಹಳೆಯ ಫೋನಿನಿಂದ ಹೊಸದಾಗಿ ಬರತಕ್ಕ ಲಾಭ ಏನೂ ಇಲ್ಲ. ಲೆಕ್ಕವಿಲ್ಲದಷ್ಟು ಫೋನುಗಳಿಗೆ ಆ ತಿದ್ದುಪಡಿ ತಲಪಲೇ ಇಲ್ಲ. ಈ ಘಟನೆಯಿಂದ ಎಚ್ಚೆತ್ತ ಗೂಗಲ್ ಅದೇ ವರ್ಷದ ಆಗಸ್ಟಿನಿಂದ ತಿಂಗಳಿಗೊಮ್ಮೆ ಭದ್ರತೆಯ ತಿದ್ದುಪಡಿಗಳನ್ನು ಹೊರಡಿಸುವ ಕ್ರಮವನ್ನು ಆರಂಭಿಸಿತು. ಸರಪಣಿಯನ್ನು ಮೊಟಕುಮಾಡಲು 2017ರಲ್ಲಿ ವ್ಯವಸ್ಥೆಯ ರಚನೆಯನ್ನೇ ಮಾರ್ಪಡಿಸಿತು.

ಐಫೋನಿನ ಮನೆಗೆ ಕಳ್ಳರು ಬರುವುದಿಲ್ಲವೆಂಬ ನಂಬಿಕೆ ಕೆಲವರಲ್ಲಿದೆ. 2016ರ ಆಗಸ್ಟಿನಲ್ಲಿ ಅರಬ್ ಎಮಿರೇಟುಗಳ ಮಾನವಹಕ್ಕುಗಳ ಹೋರಾಟಗಾರ ಅಹ್ಮದ್ ಮನ್ಸೂರ್ ಅವರಿಗೆ ಒಂದು ಸಂದೇಶ ಬಂತು. ಸಂದೇಹಗೊಂಡ ಅವರು ಅದನ್ನು ಟೊರಾಂಟೊ ವಿಶ್ವವಿದ್ಯಾನಿಲಯದ ಸಿಟಿಜನ್ ಲ್ಯಾಬಿಗೆ ಕಳುಹಿಸಿದರು. ಆ ಸಂದೇಶದ ಕೊಂಡಿಯನ್ನು ಒತ್ತಿದ್ದರೆ ಮೂರು ರಂಧ್ರಗಳ ಮೂಲಕ ಪೆಗಾಸಸ್ ಎಂಬ ಗೂಢಚಾರ ತಂತ್ರ ಅವರ ಐಫೋನಿನೊಳಗೆ ಸೇರಿಕೊಳ್ಳುತ್ತಿತ್ತೆಂದು ಪರೀಕ್ಷೆಯಿಂದ ಹೊರಬಿತ್ತು. ವಿಷಯ ತಿಳಿದ ಸುಮಾರು ಹತ್ತು ದಿನಗಳಲ್ಲಿ ಆ್ಯಪಲ್ ತಿದ್ದುಪಡಿಯನ್ನು ಹೊರಡಿಸಿತು. ಒಡೆಯನು ಒಬ್ಬನೇ ಆದುದರಿಂದ ಆ ಕಾಲದಲ್ಲಿ ಬೆಂಬಲವಿದ್ದ ಐಫೋನುಗಳಿಗೆಲ್ಲ ಅದು ಒಂದೇ ದಿನ ದೊರೆಯುವಂತಾಯಿತು. 2013ರಲ್ಲಿ ಮಾರಾಟಕ್ಕೆ ಬಂದ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲಿಯೂ ಒಂದು ಭದ್ರತಾ ತಿದ್ದುಪಡಿ ಬಂದಿತೆಂಬುದನ್ನು ಇಲ್ಲಿ ನೆನೆಯಬಹುದು. ಆಂಡ್ರಾಯ್ಡಿನವರೂ ಈಚೆಗೆ ಎಚ್ಚರಗೊಂಡಿದ್ದಾರೆ. ಗೂಗಲ್ 2023ರ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ತಿದ್ದುಪಡಿಯ ಭರವಸೆಯಿತ್ತಿವೆ. ಆದರೆ ಇವು ದುಬಾರಿ ಫೋನುಗಳು. ಅಗ್ಗದ ಫೋನುಗಳಿಗೆ ದೊರೆಯುವ ಭರವಸೆ ಇದಕ್ಕಿಂತ ಬಹಳ ಕಡಿಮೆ. ಕೆಲವಕ್ಕೆ ಅದನ್ನು ಸ್ಪಷ್ಟವಾಗಿ ಹೇಳುವುದೂ ಇಲ್ಲ.

ಇಲ್ಲಿ ನಮ್ಮ ಮನೆಗಳ ಒಂದು ರೂಢಿಯನ್ನು ಹೇಳಬೇಕು. ಮಗನು ಹೊಸ ಫೋನನ್ನು ಕೊಂಡಾಗ ಹಳೆಯದನ್ನು ತಾಯಿಗೋ ತಂದೆಗೋ ಕೊಡುತ್ತಾನೆ. ಹಳೆಯ ಅಂಗಿ ತಮ್ಮನಿಗೆ ಬರುವಂತೆ, ಹಳೆಯ ಫೋನು ಹಿರಿಯರಿಗೆ ಹೋಗುತ್ತದೆ. ಇದರಲ್ಲಿ ಪ್ರೀತಿಯೂ ಉಂಟು, ಮಿತವ್ಯಯವೂ ಉಂಟು. ಆದರೆ ತಿದ್ದುಪಡಿಗಳು ನಿಂತುಹೋದ, ಅಂದರೆ ರಂಧ್ರಗಳು ಲೋಕಕ್ಕೆಲ್ಲ ತಿಳಿದೂ ಮುಚ್ಚುವವರಿಲ್ಲದ ಫೋನು ಯಾರ ಕೈಗೆ ಹೋಯಿತು? ಮನೆಯಲ್ಲಿ ಮೋಸಕ್ಕೆ ಎಲ್ಲರಿಗಿಂತ ಸುಲಭವಾಗಿ ಸಿಕ್ಕತಕ್ಕವರ ಕೈಗೆ. ಅದೇ ಫೋನಿನಲ್ಲಿ ಅವರ ಪಿಂಚಣಿಯ ಖಾತೆಯ ಸಂದೇಶಗಳು ಬರುತ್ತವೆ, ಯು.ಪಿ.ಐ. ಆ್ಯಪೂ ಇರುತ್ತದೆ. ತಂದೆಗೆ ನಾವು ಕೊಟ್ಟ ಮನೆಗೆ ಹಿತ್ತಿಲ ಬಾಗಿಲೇ ಇಲ್ಲವೆಂಬುದನ್ನು ಹೇಳದೆ ಕೊಟ್ಟಂತೆ ಇದು. ಫೋನನ್ನು ಆರಿಸುವಾಗ "ನಾವು ಇದನ್ನು ಎಷ್ಟು ವರ್ಷ ಬಳಸುವೆವು?" ಎಂದು ಕೇಳಿಕೊಂಡರೆ ಸಾಲದು. ನಮ್ಮ ಕೈಬಿಟ್ಟ ಮೇಲೆ ಇದನ್ನು ಯಾರು ಎಷ್ಟು ವರ್ಷ ಬಳಸುವರು ಎಂದೂ ಕೇಳಿಕೊಳ್ಳಬೇಕು.

ಒಡೆಯನು ಒಬ್ಬನೇ ಆದರೆ ಎಲ್ಲವೂ ಕ್ಷೇಮವೆಂದು ಇದರಿಂದ ತಿಳಿಯಕೂಡದು. 2017ರಲ್ಲಿ ನಡೆದ ಬ್ಯಾಟರಿಯ ಪ್ರಸಂಗ ಭೌತಶಾಸ್ತ್ರದವರಿಗೆ ವಿಶೇಷ ರುಚಿಕರವಾದುದು. ಸ್ವಲ್ಪ ವಿಸ್ತರಿಸಿದರೆ ವಾಚಕರು ಕ್ಷಮಿಸಬೇಕು. ಯಾವ ಬ್ಯಾಟರಿಯಲ್ಲಿಯೇ ಆಗಲಿ ಆಂತರಿಕ ರೋಧವೆಂಬುದೊಂದಿದೆ. ವಿದ್ಯುತ್ತು ಹರಿಯುವಾಗ ಬ್ಯಾಟರಿಯ ವೋಲ್ಟೇಜಿನಲ್ಲಿ ಒಂದು ಭಾಗ ಈ ರೋಧದಲ್ಲೇ ಖರ್ಚಾಗಿಹೋಗುತ್ತದೆ. ಹೊಸ ಲಿಥಿಯಂ ಬ್ಯಾಟರಿಯ ರೋಧ 0.1 ಓಮ್ ಎಂದಿಟ್ಟುಕೊಳ್ಳೋಣ. ಪ್ರೊಸೆಸರು ಒಮ್ಮೆಲೇ ಭಾರಿ ಕೆಲಸಕ್ಕೆ ತೊಡಗಿ 3 ಆಂಪೇರ್ ಎಳೆದರೆ ನಷ್ಟವಾಗುವುದು 0.3 ವೋಲ್ಟ್, 3.7ರಲ್ಲಿ 3.4 ಉಳಿಯುತ್ತದೆ, ಚಿಂತೆಯಿಲ್ಲ. ಬ್ಯಾಟರಿಗೆ ವಯಸ್ಸಾದಂತೆ ರೋಧ ಏರುತ್ತದೆ. ಚಳಿಯಲ್ಲಿ ಇನ್ನೂ ಹೆಚ್ಚು. ಅದು 0.3 ಓಮ್ ಆಯಿತೆನ್ನಿ. ಅದೇ 3 ಆಂಪೇರಿಗೆ ನಷ್ಟ 0.9 ವೋಲ್ಟ್, ಉಳಿಯುವುದು 2.8 ಮಾತ್ರ. ಅಷ್ಟರಲ್ಲಿ ಫೋನು ಕೆಲಸಮಾಡದು; ಬ್ಯಾಟರಿಯಲ್ಲಿ ಶೇಕಡ 30ರಷ್ಟು ಶಕ್ತಿ ಉಳಿದಿದ್ದರೂ ಫಕ್ಕನೆ ಆರಿಹೋಗುತ್ತದೆ. ಇದನ್ನು ತಪ್ಪಿಸಲು ಆ್ಯಪಲ್ 2017ರ ಆರಂಭದ ಒಂದು ಪರಿಷ್ಕರಣದಲ್ಲಿ, ಬ್ಯಾಟರಿ ಮುದಿಯಾದ ಫೋನುಗಳ ಪ್ರೊಸೆಸರಿನ ವೇಗವನ್ನೇ ತಗ್ಗಿಸುವ ಏರ್ಪಾಟು ಮಾಡಿತು. ವಿಜ್ಞಾನದ ದೃಷ್ಟಿಯಿಂದ ಉಪಾಯ ಸರಿಯಾದುದೇ. ಆದರೆ ಫೋನಿನ ಯಜಮಾನನಿಗೆ ಅದನ್ನು ತಿಳಿಸಿರಲಿಲ್ಲ. ಫೋನು ನಿಧಾನವಾದುದನ್ನು ಕಂಡವರು ಹೊಸ ಫೋನನ್ನೇ ಕೊಂಡರು; ಹೊಸ ಬ್ಯಾಟರಿಯೊಂದೇ ಸಾಕಾಗಿತ್ತೆಂದು ಅವರಿಗೆ ಹೇಗೆ ತಿಳಿಯಬೇಕು? ಡಿಸೆಂಬರಿನಲ್ಲಿ ಗುಟ್ಟು ಹೊರಬಿದ್ದ ಮೇಲೆ ಆ್ಯಪಲ್ ಕ್ಷಮೆ ಕೇಳಿ, ಅಮೆರಿಕದಲ್ಲಿ 79 ಡಾಲರಿದ್ದ ಬ್ಯಾಟರಿ ಬದಲಾವಣೆಯ ದರವನ್ನು 29ಕ್ಕೆ ಇಳಿಸಿತು. 2020ರಲ್ಲಿ ಫ್ರಾನ್ಸ್ ದೇಶ 2.5 ಕೋಟಿ ಯೂರೋ ದಂಡವನ್ನೂ ವಿಧಿಸಿತು. ಎಲ್ಲ ಬೀಗದ ಕೈಗಳೂ ಒಬ್ಬನಲ್ಲೇ ಇದ್ದರೆ ಅವನು ರಾತ್ರಿ ಬಂದು ದೀಪದ ಬತ್ತಿಯನ್ನು ತಗ್ಗಿಸಿಹೋದರೂ ನಮಗೆ ಗೊತ್ತಾಗುವುದಿಲ್ಲ.

ಹಾಗಾದರೆ ನಕ್ಷೆಯನ್ನು ಬಿಚ್ಚಿಟ್ಟ ಆಂಡ್ರಾಯ್ಡಿನಲ್ಲಿ ನಾವು ಸ್ವತಂತ್ರರೇ? ಅರ್ಧ ಮಾತ್ರ. ಆಂಡ್ರಾಯ್ಡಿನ ತಿರುಳು ಉಚಿತವೂ ಮುಕ್ತವೂ ಆದುದು; ಆದರೆ ಪ್ಲೇ ಸ್ಟೋರ್ ಎಂಬ ಆ್ಯಪಿನ ಅಂಗಡಿ, ಭೂಪಟ, ಅಂಚೆ ಮೊದಲಾದವು ಗೂಗಲಿನ ಸ್ವಂತ ಸೊತ್ತು. 2019ರ ಮೇನಲ್ಲಿ ಅಮೆರಿಕದ ಸರ್ಕಾರ ಚೀನದ ಹುವಾವೇ ಕಂಪನಿಯ ಮೇಲೆ ವ್ಯಾಪಾರ ನಿರ್ಬಂಧ ಹೇರಿದಾಗ ಈ ಅಂತರ ಲೋಕಕ್ಕೆ ಕಂಡಿತು. ಆ ಕಂಪನಿಗೆ ನಕ್ಷೆ ಉಳಿಯಿತು, ಅಂಗಡಿ ಹೋಯಿತು. ಚೀನದ ಹೊರಗೆ ಅದರ ಹೊಸ ಫೋನುಗಳನ್ನು ಕೇಳುವವರು ವಿರಳವಾದರು. ನಮ್ಮ ದೇಶದಲ್ಲಿಯೂ ಸ್ಪರ್ಧಾ ಆಯೋಗವು ಈ ವಿಚಾರವಾಗಿಯೇ 2022ರ ಅಕ್ಟೋಬರಿನಲ್ಲಿ ಗೂಗಲಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಫೋನು ತಯಾರಕರು ಒಂದು ಆ್ಯಪನ್ನು ಬಯಸಿದರೆ ಗೂಗಲಿನ ಇಡೀ ಸಂಸಾರವನ್ನೇ ಮನೆತುಂಬಿಸಿಕೊಳ್ಳಬೇಕೆಂಬ ಕರಾರು ನ್ಯಾಯವಲ್ಲವೆಂಬುದು ಆಯೋಗದ ಆಕ್ಷೇಪಗಳಲ್ಲೊಂದು. ಮೇಲ್ಮನವಿಯ ಮಂಡಲಿ 2023ರ ಮಾರ್ಚಿಯಲ್ಲಿ ಕೆಲವು ಆದೇಶಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು.

ಆಂಡ್ರಾಯ್ಡಿನಲ್ಲಿ ಇನ್ನೊಂದು ಸ್ವಾತಂತ್ರ್ಯವುಂಟು. ಅಂಗಡಿಯ ಹೊರಗಿನಿಂದಲೂ ಆ್ಯಪನ್ನು ತಂದು ಸ್ಥಾಪಿಸಿಕೊಳ್ಳಬಹುದು. ಐಫೋನಿನಲ್ಲಿ ಸಾಮಾನ್ಯವಾಗಿ ಆ್ಯಪಲಿನ ಅಂಗಡಿಯೊಂದೇ ಗತಿ. ಯೂರೋಪಿನ ಒಕ್ಕೂಟದಲ್ಲಿ ಕಾನೂನಿನ ಒತ್ತಾಯದಿಂದ 2024ರ ಮಾರ್ಚಿಯಿಂದ ಬೇರೆ ಅಂಗಡಿಗಳಿಗೂ ಬಾಗಿಲು ತೆರೆಯಬೇಕಾಯಿತು. ಸ್ವಾತಂತ್ರ್ಯ ದೊಡ್ಡದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅದರ ದುರುಪಯೋಗವೂ ನಮ್ಮ ಊರುಗಳಲ್ಲೇ ನಡೆಯುತ್ತಿದೆ. ವಾಟ್ಸ್‌ಆ್ಯಪಿನಲ್ಲಿ ಮದುವೆಯ ಕರೆಯೋಲೆಯೆಂದೋ, ಸಂಚಾರಿ ಪೊಲೀಸರ ದಂಡದ ಚೀಟಿಯೆಂದೋ ಒಂದು ಕಡತ ಬರುತ್ತದೆ. ಅದರ ಹೆಸರಿನ ಕೊನೆಯಲ್ಲಿ ಎ.ಪಿ.ಕೆ. ಎಂಬ ಮೂರು ಅಕ್ಷರಗಳಿದ್ದರೆ ಅದು ಕರೆಯೋಲೆಯೂ ಅಲ್ಲ, ಚೀಟಿಯೂ ಅಲ್ಲ, ಅದೊಂದು ಆ್ಯಪ್. ಅದನ್ನು ಒತ್ತಿ, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ, ಬ್ಯಾಂಕಿನಿಂದ ಬರುವ ಓ.ಟಿ.ಪಿ. ಸಂದೇಶಗಳನ್ನು ಅದು ಓದಿ ಕಳ್ಳನಿಗೆ ಒಪ್ಪಿಸುತ್ತದೆ. ಪೊಲೀಸರು ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಹಳೆಯ ಫೋನನ್ನು ಹಿರಿಯರಿಗೆ ಕೊಡುವವರು, ಅಪರಿಚಿತ ಮೂಲದ ಆ್ಯಪುಗಳಿಗೆ ಸಮ್ಮತಿಯೀಯುವ ಗುಂಡಿಯನ್ನು ಸೆಟ್ಟಿಂಗ್ಸಿನಲ್ಲಿ ಮುಚ್ಚಿ ಕೊಡಬೇಕು.

ಕನ್ನಡಿಗರಾದ ನಮಗೆ ಇನ್ನೊಂದು ಪರೀಕ್ಷೆಯುಂಟು. ಪಾರುಪತ್ಯಗಾರನಿಗೆ ನಮ್ಮ ಭಾಷೆ ಬರುವುದೇ? ಇದು ಅಭಿಮಾನದ ಮಾತಷ್ಟೇ ಅಲ್ಲ, ಯಂತ್ರಶಾಸ್ತ್ರದ ಮಾತೂ ಹೌದು. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿದರೆ ಕೆಲಸ ಮುಗಿಯಿತು. "ಶಕ್ತಿ" ಎಂಬ ಮಾತನ್ನು ನೋಡಿ. ಯಂತ್ರದ ಸ್ಮೃತಿಯಲ್ಲಿ ಇದು ಶ, ಕ, ವಿರಾಮಚಿಹ್ನೆಯಾದ ಅರ್ಕಾವೊತ್ತಲ್ಲದ ಹಲಂತ, ತ, ಇಕಾರದ ಗುಡಿಸು ಎಂಬ ಐದು ಸಂಕೇತಗಳಾಗಿ ಕುಳಿತಿರುತ್ತದೆ. ತೆರೆಯ ಮೇಲೆ ಬರೆಯುವಾಗಲಾದರೋ ತಕಾರ ಒತ್ತಾಗಿ ಕೆಳಗಿಳಿಯಬೇಕು; ತಕಾರದ ಅನಂತರ ಬಂದ ಗುಡಿಸು ಹಿಂದಕ್ಕೆ ಹೋಗಿ ಕಕಾರದ ತಲೆಯನ್ನೇರಬೇಕು. ಈ ನಿಯಮಗಳನ್ನು ಅರಿಯದ ವ್ಯವಸ್ಥೆ ಅಕ್ಷರಗಳನ್ನು ಒಡೆದು ಚೆಲ್ಲುತ್ತದೆ, ಇಲ್ಲವೆ ಬರಿಯ ಚೌಕಗಳನ್ನು ತೋರಿಸುತ್ತದೆ. ಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಓದಹೊರಟವರಿಗೆ ಆ ಚೌಕಗಳು ಸುಪರಿಚಿತ. 2012ರ 4.1ನೆಯ ಆವೃತ್ತಿಯಲ್ಲಿ ಆಂಡ್ರಾಯ್ಡ್ ಕನ್ನಡವನ್ನು ಕ್ರಮವಾಗಿ ಬರೆಯಲು ಕಲಿಯಿತು, 2014ರ 5.0ನೆಯ ಆವೃತ್ತಿಯಲ್ಲಿ ಅದರ ಆಜ್ಞೆಗಳೂ ಪಟ್ಟಿಗಳೂ ಕನ್ನಡದಲ್ಲೇ ದೊರೆತುವು. ಐಫೋನಿಗೆ ಕನ್ನಡದ ಕೀಲಿಮಣೆ ಬಂದುದು 2017ರ ಐಓಎಸ್ 11ರಲ್ಲಿ. ವ್ಯವಸ್ಥೆಯೇ ಕನ್ನಡದಲ್ಲಿ ಮಾತನಾಡತೊಡಗಿದುದು 2025ರ ಐಓಎಸ್ 18.4ರಲ್ಲಿ. ನಡುವೆ ಹತ್ತು ವರ್ಷಗಳ ಅಂತರ. ಹತ್ತು ಗಿರಾಕಿಗಳಲ್ಲಿ ಒಂಬತ್ತು ಮಂದಿ ಯಾರ ಅಂಗಡಿಗೆ ಹೋಗುತ್ತಾರೋ ಆ ಅಂಗಡಿಯವನು ಅವರ ಮಾತನ್ನು ಮೊದಲು ಕಲಿತನು. ಇಂದು ಈ ವಿಷಯದಲ್ಲಿ ಇಬ್ಬರನ್ನೂ ಬಳಸಬಹುದಾದರೂ, ಇಂಗ್ಲಿಷ್ ಬಾರದ ಹಿರಿಯರಿಗಾದರೆ ಹೆಚ್ಚು ಕಾಲ ಪಳಗಿರುವ ಆಂಡ್ರಾಯ್ಡಿನ ಕನ್ನಡವನ್ನೇ ನಾವು ಶಿಫಾರಸು ಮಾಡುತ್ತೇವೆ.

ಒಂದು ವ್ಯವಸ್ಥೆಯಲ್ಲಿ ಕೆಲವು ವರ್ಷ ಇದ್ದವರು ಇನ್ನೊಂದಕ್ಕೆ ಹೋಗಲು ಹಿಂಜರಿಯುವುದೇಕೆ? ಬೋಗುಣಿಯ ತಳದಲ್ಲಿರುವ ಗೋಲಿಯನ್ನು ನೋಡಿ. ಪಕ್ಕದ ಬೋಗುಣಿ ಇನ್ನೂ ಆಳವಾಗಿದ್ದರೂ, ಅಂಚನ್ನು ದಾಟಲು ಬೇಕಾದ ಶಕ್ತಿಯನ್ನು ಮೊದಲು ಕೊಡದೆ ಗೋಲಿ ಅತ್ತ ಹೋಗದು. ಕೊಂಡ ಆ್ಯಪುಗಳು, ಗಡಿಯಾರ, ಮೇಘದಲ್ಲಿಟ್ಟ ಚಿತ್ರಗಳು, ಬೆರಳಿಗೆ ಆದ ಅಭ್ಯಾಸ—ಇವೆಲ್ಲ ಆ ಅಂಚನ್ನು ಎತ್ತರಿಸುತ್ತವೆ. ವಾಟ್ಸ್‌ಆ್ಯಪಿನ ಹಳೆಯ ಮಾತುಕತೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಅಧಿಕೃತ ದಾರಿ 2021ರವರೆಗೆ ಇರಲೇ ಇಲ್ಲ. ಆ ವರ್ಷ ಐಫೋನಿನಿಂದ ಕೆಲವು ಆಂಡ್ರಾಯ್ಡ್ ಫೋನುಗಳಿಗೂ, ಮರುವರ್ಷ ಅತ್ತಣಿಂದ ಇತ್ತಲೂ ದಾರಿಯಾಯಿತು. ಆದುದರಿಂದ ಮೊದಲ ಆಯ್ಕೆಯಲ್ಲಿ ತುಸು ಹೆಚ್ಚು ಯೋಚಿಸುವುದು ಒಳ್ಳೆಯದು.

ಹಣದ ಲೆಕ್ಕವನ್ನೂ ಹಾಕೋಣ. 12,000 ರೂಪಾಯಿಯ ಫೋನಿಗೆ ಮೂರು ವರ್ಷ ತಿದ್ದುಪಡಿ ಬರುವುದಾದರೆ ವರ್ಷಕ್ಕೆ ಬಿದ್ದ ವೆಚ್ಚ 4,000. 60,000 ರೂಪಾಯಿಯ ಫೋನಿಗೆ ಆರು ವರ್ಷ ಬರುವುದಾದರೆ ವರ್ಷಕ್ಕೆ 10,000. "ದುಬಾರಿಯಾದರೂ ಬಾಳಿಕೆ ಬರುತ್ತದೆ, ಕೊನೆಗೆ ಅದೇ ಅಗ್ಗ" ಎಂಬ ಮಾತು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಅಗ್ಗದ್ದೇ ಆಗಲಿ, ಅವಧಿ ಮುಗಿದೊಡನೆ ಬಿಡುವ ಮನಸ್ಸಿದ್ದರೆ ಅಗ್ಗದ್ದೇ ಅಗ್ಗ. ತೊಡಕೆಂದರೆ ನಮ್ಮಲ್ಲಿ ಅವಧಿ ಮುಗಿದೊಡನೆ ಬಿಡುವವರು ಯಾರೂ ಇಲ್ಲ. ಹಣಕ್ಕೆ ಅಡ್ಡಿಯಿಲ್ಲದೆ, ಫೋನಿನ ತಂಟೆಯೇ ಬೇಡ, ನೋಡಿಕೊಳ್ಳುವ ಭಾರ ಬೇರೆಯವರಿಗಿರಲಿ ಎನ್ನುವವರಿಗೆ ಐಫೋನ್ ಸರಿ. ಉಳಿದ ನಮ್ಮಂಥ ಸಂಬಳದವರಿಗೆ, ತಯಾರಕರು ಐದಾರು ವರ್ಷಗಳ ತಿದ್ದುಪಡಿಯನ್ನು ಬಾಯಿಮಾತಿನಲ್ಲಲ್ಲದೆ ಬರಹದಲ್ಲಿ ಘೋಷಿಸಿರುವ ಮಧ್ಯಮ ಬೆಲೆಯ ಆಂಡ್ರಾಯ್ಡ್ ಸಾಕು. ಆ ವರ್ಷಗಳನ್ನು ಎಣಿಸತಕ್ಕದ್ದು ನಾವು ಕೊಂಡ ದಿನದಿಂದಲ್ಲ, ಆ ಮಾದರಿ ಮೊದಲು ಪೇಟೆಗೆ ಬಂದ ದಿನದಿಂದ. ರಿಯಾಯಿತಿಯಲ್ಲಿ ಸಿಕ್ಕುವ ಎರಡು ವರ್ಷದ ಹಿಂದಿನ ಮಾದರಿಯಲ್ಲಿ ಎರಡು ವರ್ಷ ಆಗಲೇ ಕಳೆದುಹೋಗಿರುತ್ತದೆ.

ಈಗ ಕೈಯಲ್ಲಿರುವ ಫೋನಿನ ಸ್ಥಿತಿಯನ್ನು ತಿಳಿಯಲು ಯಾವ ಉಪಕರಣವೂ ಬೇಕಿಲ್ಲ. ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸನ್ನು ತೆರೆದು, ಫೋನಿನ ಬಗ್ಗೆ ಎಂಬಲ್ಲಿ ಆಂಡ್ರಾಯ್ಡ್ ಆವೃತ್ತಿಯನ್ನು ಹುಡುಕಿದರೆ, ಕಟ್ಟಕಡೆಯ ಭದ್ರತಾ ತಿದ್ದುಪಡಿಯ ತಾರೀಖು ಕಾಣುತ್ತದೆ. ನಮ್ಮದನ್ನು ನೋಡಿದ ಮೇಲೆ ಮನೆಯ ಹಿರಿಯರ ಫೋನನ್ನೂ ಒಮ್ಮೆ ಕೇಳಿ ಪಡೆದು ನೋಡಬೇಕು. ತಾರೀಖು ಎರಡು ಮೂರು ತಿಂಗಳ ಹಿಂದಿನದಾದರೆ ಚಿಂತೆಯಿಲ್ಲ. ವರ್ಷಕ್ಕಿಂತ ಹಳೆಯದಾಗಿದ್ದು ಹೊಸದು ಬರುವ ಸೂಚನೆಯೂ ಇಲ್ಲದಿದ್ದರೆ, ಆ ಫೋನಿನಲ್ಲಿ ಸಂಗೀತ ಕೇಳಬಹುದು, ಮೊಮ್ಮಕ್ಕಳ ಚಿತ್ರಗಳನ್ನು ನೋಡಬಹುದು, ಮಾತನಾಡಬಹುದು. ಬ್ಯಾಂಕಿನ ಆ್ಯಪನ್ನೂ ಯು.ಪಿ.ಐ.ಯನ್ನೂ ಅಂದೇ ಅದರಿಂದ ತೆಗೆದುಹಾಕಿ, ಖಾತೆಗೆ ಸೇರಿದ ಸಿಮ್ಮನ್ನು ಬೇರೊಂದು ಫೋನಿಗೆ ಹಾಕಿಕೊಡುವುದು ಲೇಸು.